ಗಲ್ಲಾ ಮಹಾಲಕ್ಷ್ಮಿ

ದಾರಿಯುದ್ದಕ್ಕೂ ಮೆಟ್ರೊ ಅಗೆತ. ಲೋಧಿ ಕಾಲೋನಿಯಿಂದ ವಸಂತ್ ಕುಂಜ್ ಮುಟ್ಟುವಷ್ಟರಲ್ಲಿ ಆಟೋದೊಳಗೆ ನನ್ನ ಸೊಂಟ ಹದಿನಾರು ಚೂರಾಗಿತ್ತು. ಆ ಬಿಸಿಗಾಳಿಗೆ ಹಪ್ಪಳ ಹಿಡಿದಿದ್ದರೆ ಸುಟ್ಟು ಕೈಗೆ ಬರುತ್ತಿತ್ತು. ಪಕ್ಕದಲ್ಲಿ ಸೊಸೆ ವೈಜಯಂತಿ, ಅವಳ ಕೊರಳಲ್ಲಿ ನಮ್ಮ ಮನೆತನದ ಲಕ್ಷ್ಮಿಕಾಸು.

ಮೊದಲು ಅದು ನನ್ನ ಕೊರಳಲ್ಲಿತ್ತು. ಯಜಮಾನರು ಹೋದಾಗ, "ಲಕ್ಷ್ಮಿ ಮುತ್ತೈದೆ ಹತ್ರಾನೇ ಇರಬೇಕು" ಎಂದು ಹಿರಿಯರು ಬಿಚ್ಚಿ ಸೊಸೆಗೆ ಹಾಕಿಸಿದರು. ತಾಳಿ ಹೋದದ್ದಕ್ಕೆ ಎಲ್ಲರ ಮುಂದೆ ಅತ್ತೆ. ಕಾಸು ಹೋದದ್ದಕ್ಕೆ ಯಾರ ಮುಂದೆ ಅಳಲಿ?

ಮೊನ್ನೆ ಮೊಮ್ಮಗಳು ಸ್ಫೂರ್ತಿ ಅದನ್ನು ತಿರುಗಿಸಿ ನೋಡಿ, "ಅಜ್ಜಿ, ಯೇ ಲಕ್ಷ್ಮಿ ನಹೀಂ ಹೈ, ಯಾರೋ ರೋಮನ್ ಕ್ವೀನ್" ಅಂದಳು. ಲಕ್ಷ್ಮಿ ಅಲ್ಲದಿದ್ದರೆ ನಾನು ಹಾಕಿಕೊಳ್ಳಲು ಅಡ್ಡಿಯೇನು? ಹಠ ಹಿಡಿದು ಹೊರಟಿದ್ದೇ ಅದಕ್ಕೆ.

ವಸಂತ್ ಕುಂಜ್‌ನಲ್ಲಿ ಹಳೆಯ ನಾಣ್ಯ ಗುರುತಿಸುವ ಇಂದುಶೇಖರ ಮೇಷ್ಟ್ರು ನಮ್ಮ ಕಡೆಯವರೇ. ಅಕ್ಷರಗಳ ಸಂದಿಯಲ್ಲಿ ತಲೆತಲಾಂತರದ ಕುಂಕುಮ ಕಲ್ಲಾಗಿ ಕೂತಿತ್ತು. ವೈಜಯಂತಿ ಬಿಚ್ಚಿಕೊಟ್ಟ ಕಾಸನ್ನು ಬಿಸಿನೀರಲ್ಲಿ ನೆನೆಹಾಕಿ, ಒರೆಸಿ, ಭೂತಗನ್ನಡಿ ಹಿಡಿದರು. ಅವರು ತಲೆ ಎತ್ತುವಷ್ಟರಲ್ಲಿ ನಾನು ಇನ್ನೊಂದು ಸಲ ಮುದುಕಿಯಾದೆ.

"ತಲೆ ಮೇಲೆ ಅಭಯಹಸ್ತ ಇದೆಯಲ್ಲಾ ಸಾರ್?" ವೈಜಯಂತಿ ಕೇಳಿದಳು.

"ಅದು ಇವಳ ಕೈ ಅಲ್ಲಮ್ಮ. ಮೇಲಿಂದ ಅವರ ದೇವರ ಕೈ ಇಳಿದು ಕಿರೀಟ ಇಡ್ತಿದೆ. ಹಿಂದುಗಡೆ ರೆಕ್ಕೆ ಇರೋಳು ಅವರ ವಿಜಯದೇವತೆ. ಹೆಸರೂ ಈಗ ಓದೋಕಾಗುತ್ತೆ, ಗಲ್ಲಾ ಪ್ಲಾಸಿಡಿಯಾ. ರೋಮನ್ ರಾಣಿ. ಇವಳ ನಾಣ್ಯ ತೀರಾ ಅಪರೂಪ."

"ಗಲ್ಲಾ! ಗಲ್ಲಾಪೆಟ್ಟಿಗೆ ಅಂತ ಹೆಸರಿಟ್ಕೊಂಡೋಳು ಲಕ್ಷ್ಮಿ ಅಲ್ದೆ ಇನ್ಯಾರ್ರೀ ಮೇಷ್ಟ್ರೇ?"

ನನ್ನ ಹಾಳು ನಾಲಗೆ!

"ಅಚ್ಛಾ, ನೀವೇ ಒಪ್ಕೊಂಡ್ರಲ್ಲ ಅತ್ತೆ! ಯಾವ ದೇಶದೋಳಾದ್ರೇನು, ನಮ್ಮನೇಲಿ ಲಕ್ಷ್ಮೀನೇ." ವೈಜಯಂತಿ ಕಾಸಿಗೆ ಕೈ ಚಾಚಿದಳು.

ಮೇಷ್ಟ್ರು ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು. "ಈ ನಾಣ್ಯ ಅಚ್ಚಾಗೋ ಹೊತ್ತಿಗೆ ಇವಳ ಗಂಡ ಇರಲಿಲ್ಲ. ಮಗ ಇನ್ನೂ ಚಿಕ್ಕವನು. ರಾಜ್ಯ ಎಲ್ಲ ಇವಳೇ ನೋಡ್ಕೊಂಡಳು."

ವೈಜಯಂತಿಯ ಕೈ ಅರ್ಧಕ್ಕೇ ನಿಂತಿತು. "ಗಂಡ ಇರಲಿಲ್ವಾ? ಅಯ್ಯೋ, ಪ್ರತಿ ಶುಕ್ರವಾರ ಇವಳಿಗೆ ಕುಂಕುಮ ಇಟ್ಟು ಆರತಿ ಎತ್ತಿದೀನಲ್ಲ!"

"ನಾನೂ ಎತ್ತಿದೀನಿ ಬಿಡೇ. ನಮ್ಮತ್ತೆ, ಅವರತ್ತೆ, ಎಲ್ಲ ಮುತ್ತೈದೇರೂ ಕ್ಯೂ ನಿಂತು ಎತ್ತಿದೀವಿ."

ಅವಳು ನಗಲಿಲ್ಲ. "ನಿಮ್ಮ ಹತ್ರಾನೇ ಇರ್ಲಿ ಅತ್ತೆ. ನಂಗೆ ಬೇಡ."

ಗೆದ್ದೆನೆಂದು ಕುಣಿಯಬೇಕಿತ್ತು. ಕುರ್ಚಿಯಿಂದ ಏಳಲೂ ಆಗಲಿಲ್ಲ. ಕಾಸಿನ ಸರವನ್ನು ಕೊರಳಿಗೆ ಹಿಡಿದೆ. ಕೊಂಡಿ ಸಿಕ್ಕಿಸಲು ತೋಳು ಮೇಲೇಳಲಿಲ್ಲ.

"ಸಿಕ್ಕಿಸೇ ಮಾರಾಯ್ತಿ. ರಾಣಿನೂ ಕಚ್ಚಲ್ಲ, ನಾನೂ ಕಚ್ಚಲ್ಲ, ನಂಗೆ ಹಲ್ಲೇ ಇಲ್ಲ."

ವೈಜಯಂತಿ ಹಿಂದೆ ಬಂದು, ಸರದ ತುದಿಗಳನ್ನಷ್ಟೇ ಹಿಡಿದು ಸಿಕ್ಕಿಸಿದಳು. ಎಷ್ಟು ಹುಷಾರಾಗಿ ಎಂದರೆ, ಅವಳ ಬೆರಳು ನನ್ನ ಕುತ್ತಿಗೆಗೂ ತಾಗಲಿಲ್ಲ.