ಅಲುಗದ ತಲೆ

ನಾನು ಒಂದು ನಕಲಿ ಸ್ಕ್ಯಾನರ್. ಮಿದುಳಿನ ಚಿತ್ರ ತೆಗೆಯುವ ದೊಡ್ಡ ಯಂತ್ರದ ಹಾಗೆಯೇ ಕಾಣುತ್ತೇನೆ, ಆದರೆ ನನ್ನಿಂದ ಯಾವ ಚಿತ್ರವೂ ಹೊರಬರುವುದಿಲ್ಲ. ನನ್ನೊಳಗೆ ಅಯಸ್ಕಾಂತವಿಲ್ಲ. ಇರುವುದು ಪ್ಲೈವುಡ್ಡು, ಫೋಮು, ಎರಡು ಸ್ಪೀಕರು, ನಡುವೆ ಒಬ್ಬರು ಮಲಗುವಷ್ಟು ಅಗಲದ ಕೊಳವೆ. ಆ ಕೊಳವೆ ಮೂಲದಲ್ಲಿ ರಸ್ತೆಯಡಿ ಹೂಳಲು ತಂದಿದ್ದ ಪ್ಲಾಸ್ಟಿಕ್ ಪೈಪು. ಧಾರವಾಡದ ಮೌನೇಶ ಬಡಿಗೇರ ಅದನ್ನು ಕೊಯ್ದು, ಅಂಚು ಉಜ್ಜಿ, ಬಿಳಿ ಬಣ್ಣ ಹಚ್ಚಿ ನನ್ನನ್ನು ಮಾಡಿದ. ಮಾಡುವಾಗ ಅವನಿಗೆ ನಗು.

"ಇದರಾಗ ಮಕ್ಕಳನ್ನ ಯಾಕ ಹಾಕ್ತೀರಿ ಮೇಡಂ?"

"ಅಲುಗದಂಗ ಮಲಗೂದು ಕಲಸ್ಲಿಕ್ಕೆ" ಎಂದರು ಡಾ. ಸುಮೇಧಾ ಕೆಂಭಾವಿ.

"ಅದಕ್ಕ ಇಷ್ಟೆಲ್ಲಾ ಬೇಕೇನ್ರಿ? ನಮ್ಮನ್ಯಾಗ ಕೈಗೊಂದು ಮೊಬೈಲ್ ಕೊಟ್ರ ಹೆಣಧಂಗ ಬಿದ್ದಿರ್ತಾವು."

ಸುಮೇಧಾ ನಗಲಿಲ್ಲ. ಅವರು ಆಗ ನಗುವ ಸ್ಥಿತಿಯಲ್ಲಿರಲಿಲ್ಲ. ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ಆರಿಸಿಕೊಂಡು, ಅವರು ಹದಿನೆಂಟು ದಾಟುವವರೆಗೆ ಆಗಾಗ ಮಿದುಳಿನ ಚಿತ್ರ ತೆಗೆದು, ಹದಿಹರೆಯದಲ್ಲಿ ಅದರ ಜಾಲಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ಅವರ ಕೆಲಸ. ಮೊದಲ ಪ್ರಬಂಧದಲ್ಲಿ ಅವರು, ವಯಸ್ಸು ಏರಿದಂತೆ ಅಕ್ಕಪಕ್ಕದ ಭಾಗಗಳ ನಡುವಿನ ಸಂಬಂಧ ಸಡಿಲವಾಗುತ್ತದೆ, ದೂರದ ಭಾಗಗಳ ನಡುವಿನದು ಗಟ್ಟಿಯಾಗುತ್ತದೆ ಎಂದು ಬರೆದಿದ್ದರು. ಪ್ರಬಂಧ ಪರಿಶೀಲಕರ ಆಕ್ಷೇಪದೊಂದಿಗೆ ವಾಪಸು ಬಂತು: ತಲೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರದಲ್ಲಿ ಪಕ್ಕದ ಭಾಗಗಳು ಅಂಟಿಕೊಂಡಂತೆ, ದೂರದವು ಬಿಟ್ಟುಕೊಂಡಂತೆ ಕಾಣುತ್ತವೆ. ಚಿಕ್ಕ ಮಕ್ಕಳು ಹೆಚ್ಚು ಅಲುಗುತ್ತಾರೆ. ಹಾಗಾದರೆ ನೀವು ಕಂಡ ಬೆಳವಣಿಗೆಯಲ್ಲಿ ಮಿದುಳಿನದೆಷ್ಟು, ಸುಮ್ಮನೆ ಮಲಗಲು ಕಲಿತದ್ದೆಷ್ಟು? ನಾನು ಹುಟ್ಟಿದ್ದು ಈ ಪ್ರಶ್ನೆಯಿಂದ.

ನನ್ನ ಕೆಲಸ ಸರಳ. ಮಗು ಒಳಗೆ ಮಲಗುತ್ತದೆ. ಸ್ಪೀಕರುಗಳು ನಿಜ ಯಂತ್ರದ ಢಣಢಣ ಸದ್ದು ಮಾಡುತ್ತವೆ. ಕಣ್ಣೆದುರಿನ ಕನ್ನಡಿಯಲ್ಲಿ ಒಂದು ಸಿನಿಮಾ ಓಡುತ್ತದೆ: ಕೋತಿಯೊಂದು ಕ್ಷೌರದ ಅಂಗಡಿಗೆ ನುಗ್ಗಿ, ಎಮ್ಮೆಯ ಮುಖಕ್ಕೆ ನೊರೆ ಬಳಿದು ಕ್ಷೌರ ಮಾಡುವ ಕಥೆ. ಮಗುವಿನ ಹಣೆಗೆ ಅಲುಗಾಟ ಗುರುತಿಸುವ ಒಂದು ಸಣ್ಣ ಗುಂಡಿ ಅಂಟಿಸಿರುತ್ತಾರೆ. ತಲೆ ಅಲುಗಿದರೆ ಸಿನಿಮಾ ನಿಲ್ಲುತ್ತದೆ, ನೆಟ್ಟಗಾದರೆ ಮತ್ತೆ ಓಡುತ್ತದೆ. ಹೀಗೆ ಮೂರು ನಾಲ್ಕು ಸಲ ಪಳಗಿದ ಮೇಲೆ ಅವರನ್ನು ಪಕ್ಕದ ಕೋಣೆಯ ನಿಜ ಯಂತ್ರಕ್ಕೆ ಕರೆದೊಯ್ಯುತ್ತಾರೆ. ಅವರಿಗೆ ಅಲ್ಲಿ ಏನಾಗುತ್ತದೆಂದು ನಾನು ನೋಡಿಲ್ಲ.

ತನುಜಾ ಮೊದಲು ಬಂದಾಗ ಹನ್ನೊಂದರ ಹುಡುಗಿ. ಅವಳ ತಾಯಿ ಕಸ್ತೂರೆವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುವವಳು. ಎಮ್ಮೆ ಕುರ್ಚಿಯ ಮೇಲೆ ಕೂರುತ್ತಿದ್ದಂತೆ ತನುಜಾ ಕಿಸಕ್ಕೆಂದಳು. ಸಿನಿಮಾ ನಿಂತಿತು.

"ಏ, ಹಚ್ಚೋ ಅದನ್ನ!" ಎಂದು ನನ್ನ ಗೋಡೆಗೆ ಗುದ್ದಿದಳು.

"ನೀ ನಕ್ರ ಅದು ನಿಲ್ತೈತಿ" ಎಂದಳು ಸಿನಿಮಾ ನಡೆಸುವ ಫಿರೋಜಾ.

"ನಗಿಸೂ ಸಿನಿಮಾ ಹಾಕಿ ನಗಬ್ಯಾಡ ಅಂದ್ರ ಹೆಂಗಕ್ಕಾ? ಅಳೂ ಸಿನಿಮಾ ಹಾಕ್ರಿ."

ಅವತ್ತು ಎಮ್ಮೆಯ ಒಂದೇ ಕೆನ್ನೆಯ ಕ್ಷೌರ ಮುಗಿಯಿತು. ಆದರೂ ಕೊನೆಗೆ ಹೇಗೋ ಅವಳ ಚಿತ್ರ ತೆಗೆದರಂತೆ. ಬಳಸಬಹುದು, ಅಷ್ಟಕ್ಕಷ್ಟೆ ಎಂದು ಸುಮೇಧಾ ಹೇಳಿದ್ದು ಕೇಳಿಸಿತು.

ಬಹಳ ಮಕ್ಕಳು ಎರಡನೆಯ ಸಲ ಬರಲೇ ಇಲ್ಲ. ಊರು ಬಿಟ್ಟವರು, ಬೇಸತ್ತವರು, ಪರೀಕ್ಷೆ ಇದೆ ಎಂದವರು. ಅಧ್ಯಯನ ತೆಳ್ಳಗಾಗುತ್ತ ಹೋಯಿತು. ಹಾಗಾಗಿ ಹದಿನಾಲ್ಕರ ತನುಜಾ ತಾಯಿಯ ಹಿಂದೆ ಬಾಗಿಲಲ್ಲಿ ಕಂಡಾಗ ಸುಮೇಧಾ ಎದ್ದು ನಿಂತರು.

ಅವಳು ಚಪ್ಪಲಿ ಬಿಟ್ಟು ಬಂದು ಮಲಗಿದಳು. ಯಾರೂ ಹೇಳುವ ಮುನ್ನವೇ ಕೈಗಳನ್ನು ಪಕ್ಕಕ್ಕೆ ಇಟ್ಟುಕೊಂಡಳು. ಸದ್ದು ಶುರುವಾಯಿತು, ಕೋತಿ ಬಂತು, ಎಮ್ಮೆ ಬಂತು. ಸಿನಿಮಾ ಎಲ್ಲಿಯೂ ನಿಲ್ಲದೆ ಕೊನೆಯವರೆಗೆ ಓಡಿತು. ನನ್ನೊಳಗೆ ಹಿಂದೆಂದೂ ಹಾಗಾಗಿರಲಿಲ್ಲ. ಎಂಥ ಮಗುವಾದರೂ ನುಂಗುತ್ತದೆ, ಕಾಲ್ಬೆರಳು ಮಡಿಸುತ್ತದೆ, ಆ ನಡುಕ ನನ್ನ ಹಲಗೆಗೆ ಬರುತ್ತದೆ. ಅವಳಿಂದ ಏನೂ ಬರಲಿಲ್ಲ. ಹೊದಿಕೆಯೊಂದನ್ನು ಒಳಗೆ ತಳ್ಳಿದಂತಿತ್ತು.

ಫಿರೋಜಾ ಚಪ್ಪಾಳೆ ತಟ್ಟಿದಳು. "ಮೇಡಂ, ಒಂದಕ್ಕಿ ಕಾಳಿನಷ್ಟೂ ಅಲುಗಿಲ್ರಿ!"

"ಶಾಬಾಶ್, ಎಷ್ಟು ದೊಡ್ಡಾಕಿ ಆಗೀಯಲ್ಲ" ಎಂದರು ಸುಮೇಧಾ. ನಿಜವಾಗಿ ಹಿಗ್ಗಿದ್ದರು.

"ಎಲ್ಲಾರೂ ಹಂಗಽ ಅಂತಾರ್ರಿ" ಎಂದಳು ಕಸ್ತೂರೆವ್ವ. "ದೊಡ್ಡಾಕಿ ಆದ್ಲು, ಗಂಭೀರ ಆದ್ಲು, ಪುಣ್ಯಾ ಮಾಡೀ ಅಂತ ಓಣ್ಯಾಗ ಹೊಗಳ್ತಾರ. ನನಗ ಮಾತ್ರ ಚಲೋ ಅನಸೂದಿಲ್ಲ. ನಿಮ್ಮ ಫೋಟೋದಾಗ ಏನರ ಕಾಣತೈತೇನ್ರಿ, ಹಿಂಗ ಯಾಕ ಆಗ್ಯಾಳ ಅಂತ?"

"ಒಬ್ಬರ ಚಿತ್ರ ನೋಡಿ ಹಂಗ ಹೇಳ್ಲಿಕ್ಕೆ ಬರೂದಿಲ್ಲವ್ವಾ. ಬಾಳ ಮಕ್ಕಳದು ಕೂಡಿಸಿ ನೋಡಿದ್ರ ಸರಾಸರಿ ಒಂದು ದಾರಿ ಕಾಣತದ. ಸಣ್ಣವರಿದ್ದಾಗ ಮಿದುಳಿನಾಗ ಒಂದೊಂದು ಓಣಿ ತನ್ನಷ್ಟಕ್ಕ ತಾ ಮಾತಾಡತದ. ಬೆಳದಂಗ ದೂರದ ಓಣಿಗೆ ರಸ್ತೆ ಆಗ್ತಾವ, ಓಡಾಟ ಇಲ್ಲದ ಸಂದಿ ಮುಚ್ಚತಾವ. ಅದರಾಗ ನಿಮ್ಮ ಮಗಳ ರಸ್ತೆ ಯಾವುದು ಅಂದ್ರ..."

ಅವರು ನನ್ನ ಕಡೆ ತಿರುಗಿದರು. ತನುಜಾ ಇನ್ನೂ ಒಳಗೇ ಮಲಗಿದ್ದಳು. ಮುಗಿಯಿತು ಎಂದು ಹೇಳಿದ್ದರೂ ಎದ್ದಿರಲಿಲ್ಲ.

ಸುಮೇಧಾ ಬಗ್ಗಿ ಕೇಳಿದರು. "ತನುಜಾ, ಸಿನಿಮಾದಾಗ ಏನಾತು?"

"ಗೊತ್ತಿಲ್ರಿ."

"ನಿದ್ದಿ ಹತ್ತಿತ್ತೇನು?"

"ಇಲ್ರಿ. ಕಣ್ಣು ತೆರದಽ ಇದ್ದೆ."

"ಮನ್ಯಾಗೂ ಹಿಂಗ ಮಲಗಿರ್ತೀಯೇನು?"

"ಹೂಂರಿ."

ಸುಮೇಧಾ ದನಿ ತಗ್ಗಿಸಿದರು. "ಮತ್ತ ಏಳೂದಽ ಬ್ಯಾಡ ಅನಸತದೇನು?"

"ಹೂಂರಿ" ಎಂದಳು, ಹಾಜರಿ ಕೂಗಿದಾಗ ಓಗೊಡುವ ಹಾಗೆ.

ಫಿರೋಜಾ ಬಾಗಿಲ ಬಳಿ ನಿಂತಿದ್ದಳು. ಅವಳಿಗೆ ಈ ಮಾತು ಕೇಳಿಸಿರಲಿಲ್ಲ. "ಮೇಡಂ, ಆ ಕಡೆ ಯಂತ್ರ ಖಾಲಿ ಐತ್ರಿ. ಇಷ್ಟು ಚಲೋ ಮಲಗ್ಯಾಳ, ಮಾಡಿಬಿಡೂಣ್ರಿ. ಇಂಥಾ ಡೇಟಾ ಮತ್ತ ಸಿಗೂದಿಲ್ಲ."

ಸುಮೇಧಾ ನನ್ನ ಅಂಚು ಹಿಡಿದುಕೊಂಡಿದ್ದರು.

"ಆ ಯಂತ್ರದಾಗ ಹೋಗ್ತೀಯೇನು, ತನುಜಾ?"

"ನೀವು ಅಂದಂಗ್ರಿ."

"ಬ್ಯಾಡ ಅಂದ್ರ?"

"ಬ್ಯಾಡ್ರಿ."

"ನಿನಗ ಏನು ಬೇಕು?"

"ಏನೂ ಇಲ್ರಿ."

"ಹಿಂಗ ‘ನೀವು ಅಂದಂಗ’ ಅಂದಾಕಿನ್ನ ನಾ ಒಳಗ ಕಳಸೂದಿಲ್ಲ" ಎಂದರು ಸುಮೇಧಾ, ಫಿರೋಜಾಗೋ ತಮಗೋ. "ಇವತ್ತಿನ ಸ್ಕ್ಯಾನ್ ಇಲ್ಲ. ಡಾಕ್ಟರ್ ಲೋಬೋ ಅವರಿಗೆ ಫೋನ್ ಮಾಡು, ಈಗಽ ಬರ್ತೀವಿ ಅನ್ನು."

ಲೋಬೋ ಅದೇ ಕಟ್ಟಡದ ಮನೋವೈದ್ಯರು. ಸುಮೇಧಾ ತಾವೇ ತನುಜಾಳ ಕೈ ಹಿಡಿದು ಹೊರಗೆ ಎಳೆದುಕೊಂಡರು. ಮಗಳು ಏನು ಹೇಳಿದಳೆಂದು ಕಸ್ತೂರೆವ್ವನಿಗೆ ಮೆಲ್ಲಗೆ ತಿಳಿಸಿದರು. ಆಕೆ ಮಗಳ ಚಪ್ಪಲಿ ಎತ್ತಿ ಅವಳ ಕಾಲ ಮುಂದೆ ಇಟ್ಟಳು. ಮೂವರೂ ಹೋದರು. ಸ್ಪೀಕರು ಆರಿಸಲು ಯಾರಿಗೂ ನೆನಪಾಗಲಿಲ್ಲ. ನಾನು ಸಂಜೆಯವರೆಗೆ ಖಾಲಿ ಹೊಟ್ಟೆಯಲ್ಲಿ ಢಣಢಣ ಎನ್ನುತ್ತಿದ್ದೆ.

ಆಮೇಲಿನ ನನ್ನ ಬದುಕು ಚಿಕ್ಕದು. ನಿಜ ಯಂತ್ರಕ್ಕೆ ಹೊಸ ತಂತ್ರಾಂಶ ಬಂತು. ತಲೆ ಅಲುಗಿದ್ದನ್ನು ಅದು ಲೆಕ್ಕ ಹಾಕಿ ತಕ್ಕಮಟ್ಟಿಗೆ ಸರಿಪಡಿಸುತ್ತದಂತೆ. ಸುಮೇಧಾ ಅವರ ಅಧ್ಯಯನ ಮುಗಿಯಿತು, ಪ್ರಬಂಧವೂ ಅಚ್ಚಾಯಿತಂತೆ. ಅದರಲ್ಲಿ ಹಿಂದಿನಷ್ಟು ದೊಡ್ಡ ಮಾತಿಲ್ಲ ಎಂದು ಫಿರೋಜಾ ಯಾರಿಗೋ ಹೇಳುತ್ತಿದ್ದಳು. ನನ್ನ ಫೋಮು ಕಿತ್ತುಬಂತು, ಕನ್ನಡಿಯನ್ನು ಯಾರೋ ಬಿಚ್ಚಿಕೊಂಡು ಹೋದರು. ನನ್ನನ್ನು ಲೋಬೋ ಅವರ ಕೋಣೆಯ ಎದುರಿನ ಪಡಸಾಲೆಗೆ ತಳ್ಳಿದರು. ಹೊರಚಾಚಿದ ಹಲಗೆ ಈಗ ಬೆಂಚು, ಕೊಳವೆಯಲ್ಲಿ ಪೊರಕೆ, ಬಕೆಟ್ಟು.

ಇಲ್ಲಿ ಕೂತವರು ಬಹಳ ಮಾತಾಡುವುದಿಲ್ಲ. ಭಾರವಾಗಿ ಕೂರುತ್ತಾರೆ, ಹೆಸರು ಕರೆದಾಗ ಏಳುತ್ತಾರೆ. ಮಿದುಳಿನ ಬಗ್ಗೆ ಬೇಕಾದಷ್ಟು ಮಾತು ಕೇಳಿದವನು ನಾನು, ಆದರೆ ನನ್ನ ಮೇಲೆ ಕೂತವರ ತಲೆಯಲ್ಲಿ ಈಗ ಯಾವ ದಾರಿ ಮುಚ್ಚುತ್ತಿದೆ, ಯಾವುದು ತೆರೆಯುತ್ತಿದೆ ಎಂಬುದು ನನಗೆ ತಿಳಿಯುವುದಿಲ್ಲ. ತನುಜಾಳ ಆ ವರ್ಷದ ಚಿತ್ರ ಎಲ್ಲಿಯೂ ಇಲ್ಲ. ಸರಾಸರಿಯಲ್ಲಿ ಅವಳು ಒಂದು ಖಾಲಿ ಜಾಗ.

ಅವಳು ಮಾತ್ರ ಬರುತ್ತಾಳೆ. ಮೊದಮೊದಲು ವಾರಕ್ಕೊಮ್ಮೆ, ಈಗೀಗ ತಿಂಗಳಿಗೊಮ್ಮೆ. ಬಹಳ ಕಾಲ ತಾಯಿ ಕೂರಿಸಿದಲ್ಲಿ ಕೂತಿರುತ್ತಿದ್ದಳು. ಮೊನ್ನೆ ಬಂದವಳು ಕೂರಲಿಲ್ಲ, ತಾಯಿಯ ಕಡೆ ತಿರುಗಿದಳು.

"ಆ ಪಕ್ಕದ್ಮನಿ ಸರೋಜಕ್ಕನ ಮುಂದ ಯಾಕ ಹೇಳ್ದಿ, ನಾ ಗುಳಗಿ ತಗೋತೀನಿ ಅಂತ?"

"ಕೇಳಿದ್ಲು, ಹೇಳ್ದೆ."

"ಯಾರ ಕೇಳಿದ್ರೂ ಹೇಳಿಬಿಡ್ತೀಯೇನು? ನನ್ನ ತೆಲಿ ಇದು, ಓಣಿ ಮಂದೀದಲ್ಲ!" ಕೈಯಲ್ಲಿದ್ದ ಚೀಲವನ್ನು ನನ್ನ ಹಲಗೆಯ ಮೇಲೆ ಅಪ್ಪಳಿಸಿದಳು. ಒಳಗಿನ ಬಕೆಟ್ಟು ಅದುರಿತು. ಪಡಸಾಲೆಯವರೆಲ್ಲ ತಿರುಗಿ ನೋಡಿದರು.

ಕಸ್ತೂರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವಿಗೆ ಅವಳ ಹೆಗಲು ಕುಲುಕುತ್ತಿತ್ತು.

"ಹೌದವಾ, ನಿಂದಽ" ಎಂದಳು. "ಇನ್ನೊಮ್ಮಿ ಬೈ."