ಮೂರು ತಿಂಗಳಿಗೊಂದು ಸೂಜಿ

ನಮ್ಮ ಕೊರಿಯಾದ ಸುಗ್ಗಿ ಹಬ್ಬ ಚುಸೋಕ್‌ನ ಬೆಳಿಗ್ಗೆ ಹಿರಿಯರ ಎಡೆ ಇಡುತ್ತಿದ್ದೆ. ಈ ಸಲ ನನ್ನ ಗಂಡ ಹ್ಯೊನ್‌ಸಿಕ್‌ನ ಪಟವೂ ಇತ್ತು. ಅವನು ಹೋಗಿ ಏಳು ತಿಂಗಳು. ಹೆದ್ದಾರಿ, ಮಂಜು, ಒಂದು ಲಾರಿ.

"ಅಡ್ಡಬೀಳೋಕೆ ಒಬ್ಬ ಮಗ ಇಲ್ಲ," ಅಂದರು ಅತ್ತೆ. "ನಾನು ಹೆತ್ತೋಳು, ದೊಂಗ್‌ಸಿಕ್ ಅವನ ಅಣ್ಣ. ನಾವು ಚಿಕ್ಕವನಿಗೆ ಬೀಳೋ ಹಾಗಿಲ್ಲ. ನಾನು ಕಳಿಸಿದ ಕಷಾಯದ ಪೊಟ್ಟಣ ಒಂದಾದರೂ ಕುಡಿದ್ಯೇನೇ?"

"ಎಲ್ಲ ಕುಡಿದೆ ಅತ್ತೆ. ಎರಡು ವರ್ಷ, ಬೆಳಿಗ್ಗೆ ಸಂಜೆ."

ಗರ್ಭ ಬೆಚ್ಚಗಾಗುವ ಕಷಾಯ. ನನ್ನ ಗರ್ಭಕ್ಕೆ ಏನೂ ಆಗಿರಲಿಲ್ಲ. ಹ್ಯೊನ್‌ಸಿಕ್‌ನ ಮೆದುಳಿನ ಬುಡದ ಗ್ರಂಥಿ ಕಳಿಸಬೇಕಾದ ಹಾರ್ಮೋನು ಕಳಿಸುತ್ತಿರಲಿಲ್ಲ. ಅವನಲ್ಲಿ ವೀರ್ಯಾಣುಗಳೇ ಇರಲಿಲ್ಲ. ಆ ಹಾರ್ಮೋನುಗಳನ್ನು ವಾರಕ್ಕೆ ಮೂರು ದಿನ ಅವನ ಹೊಟ್ಟೆಗೆ ಚುಚ್ಚುತ್ತಿದ್ದವಳು ನಾನು. ಅಮ್ಮನಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದ. ಹದಿನಾಲ್ಕನೆಯ ತಿಂಗಳಲ್ಲಿ ಮೊದಲ ಸಲ ಕೆಲವು ಕಂಡವು. ಅವತ್ತು ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ನಿಂತೇ ನೂಡಲ್ಸ್ ತಿಂದೆವು, ಅವನು ಎರಡು ಬಟ್ಟಲು.

ಮುಂದಿನ ಪರೀಕ್ಷೆಯಲ್ಲಿ ಸೊನ್ನೆ. ಆಗ ಬಾಯಿಬಿಟ್ಟ. ಸೂಜಿ ತಾನೇ ಹಾಕಿಕೊಳ್ಳುತ್ತೇನೆಂದು ನನಗೆ ಹೇಳಿ, ಬಿಟ್ಟೇಬಿಟ್ಟಿದ್ದ. ಯಾರೋ ಹೇಳಿದರೆಂದು ಬೇರೆ ಕಡೆ ಮೂರು ತಿಂಗಳಿಗೊಂದರಂತೆ ಗಂಡು ಹಾರ್ಮೋನಿನ ಸೂಜಿ ಹಾಕಿಸಿಕೊಂಡಿದ್ದ.

"ಅದು ಗಡ್ಡ ಬೆಳೆಸುತ್ತೆ, ವೀರ್ಯಾಣು ಬೆಳೆಸಲ್ಲ," ಅಂದರು ನಮ್ಮ ಡಾಕ್ಟರು. ಮತ್ತೆ ಮೊದಲಿನಿಂದ ಶುರುಮಾಡಿದೆವು. ಐದನೆಯ ತಿಂಗಳಲ್ಲಿ ಹೋದ.

ದೊಂಗ್‌ಸಿಕ್ ಭಾವ ಹೆಂಡದ ಬಟ್ಟಲು ಒರೆಸುತ್ತ ನಕ್ಕರು. "ಅವನದೇನೂ ಕೊರತೆ ಇರಲಿಲ್ಲಮ್ಮ. ಸ್ವಲ್ಪ ಸೊರಗಿದ್ದ, ನಾನೇ ಸರಿ ಮಾಡಿಸ್ದೆ. ವಾರಕ್ಕೆ ಮೂರು ಸಲ ಚುಚ್ಚಿಸ್ಕೊಳ್ತೀಯಲ್ಲೋ, ಬಿಡೋ ಅದನ್ನ ಅಂತ ಕರ್ಕೊಂಡು ಹೋಗಿ ದೊಡ್ಡ ಸೂಜಿ ಹಾಕಿಸ್ದೆ. ಗಡ್ಡ ಹೆಂಗೆ ಬಂತು ನೋಡಿದ್ಯಲ್ಲ? ನೆಲವೇ ಬಂಜರಾದ್ರೆ ಬಿತ್ತೋನು ಏನ್ ಮಾಡ್ತಾನೆ."

ಏಳು ತಿಂಗಳಿಂದ ನನಗೆ ಏನೂ ಅನಿಸಿರಲಿಲ್ಲ. ಈಗ ಅನಿಸಿತು. ಕೈಯಲ್ಲಿದ್ದ ಮೀನಿನ ತಟ್ಟೆ ಕೆಳಗಿಟ್ಟೆ.

"ಆ ಯಾರೋ ನೀವಾ, ಭಾವ?"

ಸತ್ತವನಿಗೆ ಕೊಟ್ಟ ಮಾತನ್ನು ಅವನ ಪಟದ ಮುಂದೆಯೇ ಮುರಿದೆ. ಗ್ರಂಥಿ, ಸೂಜಿ, ಹದಿನಾಲ್ಕು ತಿಂಗಳು, ಸೊನ್ನೆ, ಎಲ್ಲ ಹೇಳಿದೆ. ದನಿ ಏರಿಸಲಿಲ್ಲ.

"ಒಳ್ಳೇದಕ್ಕೇ ಮಾಡ್ದೆ ಕಣಮ್ಮ," ಅಂದರು ಭಾವ.

"ನನಗೆ ಕಷಾಯ ಕುಡಿಸಿದ್ದೂ ಒಳ್ಳೇದಕ್ಕೇ." ಅವರ ಕೈಯಿಂದ ಬಟ್ಟಲು ತೆಗೆದುಕೊಂಡು ಹೆಂಡ ಬಗ್ಗಿಸಿ ಪಟದ ಮುಂದಿಟ್ಟೆ. "ಅಡ್ಡಬೀಳಿ."

"ಅಣ್ಣ ತಮ್ಮನಿಗೆ ಬೀಳೋದಾ? ತಲೆ ಕೆಟ್ಟಿದೆಯಾ ನಿಂಗೆ?"

"ಮಗ ಇಲ್ಲವಲ್ಲ. ಯಾರಿಂದ ಇಲ್ಲವೋ ಅವರು ಬೀಳಲಿ."

ಭಾವ ಅತ್ತೆಯ ಕಡೆ ನೋಡಿದರು. ಅತ್ತೆ ಪಟ ನೋಡುತ್ತಿದ್ದರು, ಆ ಗಡ್ಡವನ್ನು. ಆಮೇಲೆ ಚಾಪೆಯನ್ನು ದೊಡ್ಡ ಮಗನ ಕಾಲ ಬಳಿಗೆ ಎಳೆದರು.

"ಸತ್ತವರಿಗೆ ಎರಡು ಸಲ," ಅಂದರು.

ಭಾವ ಎರಡು ಸಲ ಬಿದ್ದರು. ನನಗೆ ಸಾಲಲಿಲ್ಲ.