ಹ್ಯಾಂಡ್ಸಮ್ ಅಂದರೆ

ಟೈಲರಮ್ಮ ಎತ್ತರದ ಆಳು, ಹೆಗಲೂ ಅಗಲ. ಅವಳ ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ, ಬಿಡುವು ಸಿಕ್ಕರೆ ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಮುಳುಗಿಹೋಗುತ್ತಿದ್ದ ಮಿತಭಾಷಿ. ಮದುವೆಯಾದ ಹೊಸದರಲ್ಲಿ ಅವಳು ತಾನೇ ಹೊಲಿದ ನೀಲಿ ಉಡುಪು ತೊಟ್ಟು ಎದುರು ನಿಂತಾಗ ಅವನು, "ನೀನು ಬಹಳ ಹ್ಯಾಂಡ್ಸಮ್" ಎಂದುಬಿಟ್ಟ. ಗಂಡಸರಿಗೆ ಹೇಳುವ ಮಾತು! ಗಂಡುಬೀರಿ ಎಂದು ಹಂಗಿಸಿದ ಅಂದುಕೊಂಡು ಅವಳ ಮುಖ ಸಪ್ಪಗಾಯಿತು. ಆಮೇಲೆ ಅವನೆದುರು ಸಿಂಗರಿಸಿಕೊಳ್ಳಲೇ ಇಲ್ಲ. ಅವನೂ ಬೆಪ್ಪಾಗಿ, ಹೊಗಳುವುದನ್ನೇ ಬಿಟ್ಟ. ಸಂಸಾರವೇನೋ ಸಾಗಿತು.

ಅವನು ತೀರಿಕೊಂಡ ಮರುವರ್ಷ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸೊಸೆ ಅವನ ಕಾದಂಬರಿಯೊಂದನ್ನು ಓದುತ್ತಾ ಅತ್ತೆಗೆ ಕತೆ ಹೇಳುತ್ತಿದ್ದಳು. ಅದರಲ್ಲಿ ನಾಯಕಿಯನ್ನು ಹ್ಯಾಂಡ್ಸಮ್ ಎಂದಿತ್ತು.

ಬಟ್ಟೆ ಕತ್ತರಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಹೆಂಗಸಿಗೆ ಹಾಗಂತಾರೇನೇ?"

"ಆಗಿನ ಪುಸ್ತಕಗಳಲ್ಲಿ ಅಂತಿದ್ರು ಅತ್ತೆ. ಬರೀ ಚೆಂದ ಅಂತಲ್ಲ, ನಿಲುವಲ್ಲೇ ಒಂದು ಗತ್ತು ಇರೋ ಚೆಲುವೆ ಅಂತ. ದೊಡ್ಡ ಹೊಗಳಿಕೆ."

ಟೈಲರಮ್ಮ ಕತ್ತರಿ ಕೆಳಗಿಟ್ಟಳು. "ಹಾಗಂದ್ರೇನು ಅಂತ ಅವರನ್ನ ಒಂದು ಮಾತು ಕೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಎಂದಳು. ಸೊಸೆಗೆ ತಲೆಬುಡ ತಿಳಿಯಲಿಲ್ಲ.

ಅತ್ತೆ ಕಣ್ಣೊರೆಸಿಕೊಂಡು, "ಆ ಸಾಲು ಇನ್ನೊಂದು ಸಲ ಓದೇ" ಎಂದಳು.